ಕೊಬ್ಬರಿಯ ಬೆಲೆ ಮತ್ತು ಸದನದ ಪ್ರಶ್ನೆ

ಪ್ರಜಾಪ್ರಭುತ್ವದಲ್ಲಿ ಸರ್ಕಾರವನ್ನು ಆರಿಸುವುದು ಸಾಮಾನ್ಯವಾಗಿ ಐದು ವರ್ಷಗಳಿಗೊಮ್ಮೆ ನಡೆಯುವ ಕೆಲಸ. ಆರಿಸಿದ ಸರ್ಕಾರವನ್ನು ಪ್ರಶ್ನಿಸುವುದು ಸದನ ಸೇರಿದಾಗಲೆಲ್ಲ ನಡೆಯಬೇಕಾದ ಕೆಲಸ. ಮೊದಲನೆಯದನ್ನು ಮತದಾರ ತಾನೇ ಮಾಡುತ್ತಾನೆ. ಎರಡನೆಯದನ್ನು ಅವನ ಪರವಾಗಿ ಶಾಸಕರು ಮಾಡುತ್ತಾರೆ. ಶಾಸಕರು ಸರ್ಕಾರವನ್ನು ಹೇಗೆ ಪ್ರಶ್ನಿಸುತ್ತಾರೆ, ಮಂತ್ರಿಗಳು ಏಕೆ ಉತ್ತರಿಸಲೇಬೇಕು, ಯಾವ ಪ್ರಶ್ನೆಯನ್ನು ಯಾವ ಸದನದಲ್ಲಿ ಕೇಳಬೇಕು ಎಂಬುದು ನಮ್ಮ ಮಾತುಕತೆಯ ವಿಷಯ. ಪಠ್ಯಪುಸ್ತಕದಲ್ಲಿ ಓದಿದ 'ಪ್ರಶ್ನೋತ್ತರ ವೇಳೆ' ಎಂಬ ಪದಕ್ಕೆ ಜೀವ ಬರಬೇಕಾದರೆ ಅದನ್ನು ಒಂದು ಊರಿನ ಬದುಕಿನ ಜೊತೆ ಇಟ್ಟು ನೋಡಬೇಕು. ಅದಕ್ಕಾಗಿ ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಗೆ ಹೋಗೋಣ.

ಅಟ್ಟದ ಮೇಲಿನ ಒಂದು ವರ್ಷ

ಈ ಸೀಮೆಯ ಹೆಸರು ದೇಶದಲ್ಲೆಲ್ಲ ತಿಳಿದಿರುವುದು ಉಂಡೆ ಕೊಬ್ಬರಿಯಿಂದ. ಕೇರಳದಲ್ಲಿ ತೆಂಗಿನಕಾಯಿಯನ್ನು ಹೋಳುಮಾಡಿ ಒಣಗಿಸಿ, ಹೆಚ್ಚಾಗಿ ಎಣ್ಣೆಗೆ ಬಳಸುತ್ತಾರೆ. ತಿಪಟೂರಿನ ಕಡೆ ಹಾಗಲ್ಲ. ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ, ಹೆಚ್ಚುಕಡಿಮೆ ಒಂದು ವರ್ಷ, ಇಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಗಟ್ಟಿಯಾಗುತ್ತದೆ. ಕಾಯಿಯನ್ನು ಅಲ್ಲಾಡಿಸಿದರೆ ಒಳಗೆ ಗಿಟಕು ಸದ್ದು ಮಾಡುತ್ತದೆ. ಆಮೇಲೆ ಸುಲಿದು, ಚಿಪ್ಪು ಒಡೆದು, ಇಡೀ ಉಂಡೆಯನ್ನು ಹೊರತೆಗೆಯುತ್ತಾರೆ. ತಿಪಟೂರಿನ ಮಾರುಕಟ್ಟೆಯಲ್ಲಿ ಹರಾಜಾಗುವ ಈ ಕೊಬ್ಬರಿಯ ಬಹುಭಾಗ ಉತ್ತರ ಭಾರತಕ್ಕೆ ಹೋಗುತ್ತದೆ. ಅಲ್ಲಿ ಹಬ್ಬ, ಮದುವೆ, ಸಿಹಿತಿಂಡಿಗಳಿಗೆ ಅದು ಬೇಕು.

ಇದರ ಅರ್ಥವೇನು? ಭತ್ತ ಬೆಳೆದವನಿಗೆ ಕೊಯ್ಲಾದ ಕೂಡಲೇ ಹಣ ಕಾಣುತ್ತದೆ. ಕೊಬ್ಬರಿ ಮಾಡುವವನ ಹಣ ಮತ್ತೊಂದು ವರ್ಷ ಅಟ್ಟದ ಮೇಲೆ ಕುಳಿತಿರುತ್ತದೆ. ಆ ವರ್ಷದಲ್ಲಿ ಗೊಬ್ಬರ, ಕೂಲಿ, ಕೊಳವೆಬಾವಿಯ ಖರ್ಚು, ಮಕ್ಕಳ ಕಾಲೇಜಿನ ಶುಲ್ಕ ಯಾವುದೂ ನಿಲ್ಲುವುದಿಲ್ಲ. ಅಟ್ಟ ಇಳಿಸುವ ಹೊತ್ತಿಗೆ ಬೆಲೆ ಕುಸಿದಿದ್ದರೆ, ಕಾಯಿ ಕೆಡವುವಾಗ ಹಾಕಿದ್ದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಕ್ವಿಂಟಲಿಗೆ 3,000 ರೂಪಾಯಿ ಕಡಿಮೆ ಸಿಕ್ಕಿತೆಂದುಕೊಳ್ಳಿ. ಹತ್ತು ಕ್ವಿಂಟಲ್ ಮಾರಿದ ಕುಟುಂಬಕ್ಕೆ 30,000 ರೂಪಾಯಿ ಕೈತಪ್ಪಿತು. ಆದ್ದರಿಂದಲೇ ಈ ಭಾಗದ ಮನೆಗಳಲ್ಲಿ ಕೊಬ್ಬರಿಯ ಬೆಲೆ ದಿನವೂ ಕೇಳುವ ಸಮಾಚಾರ. "ಬೆಲೆ ಏಕೆ ಬಿತ್ತು? ಸರ್ಕಾರ ಏನು ಮಾಡುತ್ತಿದೆ?" ಎಂದು ರೈತ ಕೇಳುತ್ತಾನೆ. ಅವನ ಈ ಮಾತು ಸದನಕ್ಕೆ ತಲುಪುವ ದಾರಿ ಯಾವುದು?

ಅರಿಕೆಯಿಂದ ಹಕ್ಕಿನವರೆಗೆ

ಮೊದಲು ಸ್ವಲ್ಪ ಇತಿಹಾಸ. 1881ರಲ್ಲಿ ಮೈಸೂರು ಸಂಸ್ಥಾನದ ಆಡಳಿತವು ಬ್ರಿಟಿಷರಿಂದ ಮರಳಿ ಅರಸರ ಕೈಗೆ ಬಂತು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಅಕ್ಟೋಬರ್‌ನಲ್ಲಿ, ದಸರೆಯ ಕಾಲಕ್ಕೆ, ಮೈಸೂರಿನಲ್ಲಿ ಅದರ ಮೊದಲ ಅಧಿವೇಶನ ನಡೆಯಿತು. ಸದಸ್ಯರ ಸಂಖ್ಯೆ 144. ತಾಲ್ಲೂಕುಗಳಿಂದ ಬಂದ ಜಮೀನುದಾರರೂ ಜಿಲ್ಲೆಗಳ ಪ್ರಮುಖ ವರ್ತಕರೂ ಅದರಲ್ಲಿದ್ದರು. ದಿವಾನರು ವರ್ಷದ ಆಡಳಿತದ ವರದಿಯನ್ನು ಓದುತ್ತಿದ್ದರು. ಪ್ರತಿನಿಧಿಗಳು ತಮ್ಮ ಸೀಮೆಯ ಕಷ್ಟಸುಖಗಳನ್ನು ಅರಿಕೆ ಮಾಡಿಕೊಳ್ಳುತ್ತಿದ್ದರು. ಮೊದಮೊದಲು ಇದು ಅರಿಕೆ ಮಾತ್ರ. ಕೇಳಿದ್ದಕ್ಕೆ ಸರ್ಕಾರ ಉತ್ತರಿಸಬೇಕೆಂಬ ಕಾನೂನಿನ ಬಲ ಅದಕ್ಕಿರಲಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1923ರ ಕಾಯಿದೆಗಳು ಈ ಎರಡು ಸಭೆಗಳ ಅಧಿಕಾರವನ್ನು ವಿಸ್ತರಿಸಿ ಅವಕ್ಕೆ ಶಾಸನದ ಆಧಾರ ಕೊಟ್ಟವು.

ಬ್ರಿಟಿಷ್ ಭಾರತದಲ್ಲಿಯೂ ಈ ಹಕ್ಕು ಒಮ್ಮೆಗೇ ದೊರೆಯಲಿಲ್ಲ. 1892ರ ಕಾಯಿದೆ ಶಾಸನಸಭೆಯ ಸದಸ್ಯರಿಗೆ ಪ್ರಶ್ನೆ ಕೇಳಲು ಅವಕಾಶ ಕೊಟ್ಟಿತು. ಆದರೆ ಉತ್ತರ ಕೇಳಿ ಸುಮ್ಮನಾಗಬೇಕಿತ್ತು. 1909ರ ಸುಧಾರಣೆಯ ನಂತರ, ಪ್ರಶ್ನೆ ಕೇಳಿದವರು ಉತ್ತರದ ಮೇಲೆ ಮತ್ತೊಂದು ಪ್ರಶ್ನೆ ಹಾಕಬಹುದಾಯಿತು. ಇದಕ್ಕೇ ಉಪಪ್ರಶ್ನೆ ಅಥವಾ ಪೂರಕ ಪ್ರಶ್ನೆ ಎನ್ನುವುದು. ಇದು ಸಣ್ಣ ಬದಲಾವಣೆಯಂತೆ ಕಾಣುತ್ತದೆಯಾದರೂ ಪ್ರಶ್ನೋತ್ತರದ ನಿಜವಾದ ಶಕ್ತಿ ಇರುವುದು ಇಲ್ಲಿಯೇ ಎಂಬುದನ್ನು ಮುಂದೆ ನೋಡಲಿದ್ದೇವೆ.

1950ರಲ್ಲಿ ಸಂವಿಧಾನ ಜಾರಿಗೆ ಬಂದಿತು. ಅದರ 164ನೆಯ ವಿಧಿಯ ಪ್ರಕಾರ ರಾಜ್ಯದ ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರುತ್ತದೆ. 194ನೆಯ ವಿಧಿ ಶಾಸಕರಿಗೆ ಸದನದೊಳಗೆ ವಾಕ್ ಸ್ವಾತಂತ್ರ್ಯ ಕೊಟ್ಟಿದೆ. ಸದನದಲ್ಲಿ ಆಡಿದ ಮಾತಿಗಾಗಿ ಶಾಸಕರನ್ನು ನ್ಯಾಯಾಲಯಕ್ಕೆ ಎಳೆಯುವಂತಿಲ್ಲ. ಹೀಗೆ, ಅರಸರ ಕಾಲದಲ್ಲಿ ಕೈಮುಗಿದು ಅರಿಕೆ ಮಾಡಿಕೊಂಡದ್ದು ಈಗ ಎದ್ದುನಿಂತು ಕೇಳುವ ಹಕ್ಕಾಗಿದೆ.

ಪ್ರಶ್ನೆಗಳಲ್ಲಿ ಎಷ್ಟು ಬಗೆ?

ಕರ್ನಾಟಕ ವಿಧಾನಸಭೆಗೆ ಚುನಾಯಿತರಾಗುವ ಸದಸ್ಯರು 224. ವಿಧಾನ ಪರಿಷತ್ತಿನಲ್ಲಿ 75 ಸದಸ್ಯರಿದ್ದಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಪ್ರತ್ಯೇಕ ವಿಧಾನಸಭಾ ಕ್ಷೇತ್ರಗಳು. ಎರಡು ಸದನಗಳಲ್ಲಿಯೂ ಪ್ರಶ್ನೆ ಕೇಳಬಹುದು. ಅವುಗಳಲ್ಲಿ ಮುಖ್ಯವಾದ ಬಗೆಗಳು ಇವು:

ಚುಕ್ಕೆ ಗುರುತಿನ ಪ್ರಶ್ನೆ: ಪಟ್ಟಿಯಲ್ಲಿ ಇದರ ಮುಂದೆ ಚುಕ್ಕೆಯ ಗುರುತಿರುತ್ತದೆ. ಸಚಿವರು ಸದನದಲ್ಲಿಯೇ ಉತ್ತರಿಸಬೇಕು. ಉತ್ತರದ ಮೇಲೆ ಉಪಪ್ರಶ್ನೆ ಕೇಳಬಹುದು.

ಚುಕ್ಕೆ ಗುರುತಿಲ್ಲದ ಪ್ರಶ್ನೆ: ಇದಕ್ಕೆ ಲಿಖಿತ ಉತ್ತರ ಬರುತ್ತದೆ. ಉಪಪ್ರಶ್ನೆಗೆ ಅವಕಾಶವಿಲ್ಲ. ಆದರೆ ಅಂಕಿಅಂಶಗಳನ್ನು ಪಡೆಯಲು ಇದೇ ಒಳ್ಳೆಯ ದಾರಿ.

ಅಲ್ಪ ಸೂಚನೆಯ ಪ್ರಶ್ನೆ: ಸಾಮಾನ್ಯ ಪ್ರಶ್ನೆಗೆ ಹಲವು ದಿನ ಮೊದಲೇ ಸೂಚನೆ ಕೊಡಬೇಕು. ವಿಷಯ ತುರ್ತಾಗಿದ್ದರೆ ಕಡಿಮೆ ಅವಧಿಯಲ್ಲಿ ಕೇಳಲು ಇದು ದಾರಿ.

ಇವಲ್ಲದೆ ಗಮನ ಸೆಳೆಯುವ ಸೂಚನೆ, ಅರ್ಧ ಗಂಟೆಯ ಚರ್ಚೆ, ಸದನದ ಎಲ್ಲ ಕೆಲಸವನ್ನೂ ಬದಿಗಿಟ್ಟು ಚರ್ಚಿಸಬೇಕೆಂದು ಕೋರುವ ನಿಲುವಳಿ ಸೂಚನೆ ಮೊದಲಾದವೂ ಇವೆ. ಶೂನ್ಯ ವೇಳೆ ಎಂಬ ಹೆಸರನ್ನೂ ನೀವು ಕೇಳಿರಬಹುದು. ಪ್ರಶ್ನೋತ್ತರ ಮುಗಿದ ಮೇಲೆ, ಪಟ್ಟಿಯಲ್ಲಿನ ಮುಂದಿನ ಕೆಲಸಕ್ಕೆ ಮೊದಲು, ತುರ್ತು ವಿಷಯಗಳನ್ನು ಎತ್ತುವ ವಾಡಿಕೆಯಿಂದ ಅದು ಬೆಳೆದುಬಂದಿದೆ.

ಪ್ರಶ್ನೆ ಸದನಕ್ಕೆ ಬರುವ ಮೊದಲು ಸಭಾಧ್ಯಕ್ಷರ ಒಪ್ಪಿಗೆ ಪಡೆಯಬೇಕು. ಪ್ರಶ್ನೆ ಸ್ಪಷ್ಟವಾಗಿರಬೇಕು, ವಾದ, ವ್ಯಂಗ್ಯ, ಆರೋಪಗಳನ್ನು ತುಂಬಿರಬಾರದು, ನ್ಯಾಯಾಲಯದಲ್ಲಿ ವಿಚಾರಣೆಯಲ್ಲಿರುವ ಸಂಗತಿಯನ್ನು ಎತ್ತಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಅದು ರಾಜ್ಯ ಸರ್ಕಾರದ ಹೊಣೆಗೆ ಸೇರಿದ ವಿಷಯವಾಗಿರಬೇಕು. ಕೊಬ್ಬರಿಯ ಪ್ರಶ್ನೆ ಕಠಿಣವಾಗುವುದು ಈ ಕೊನೆಯ ನಿಯಮದಿಂದಲೇ.

ಒಂದು ಕೊಬ್ಬರಿ, ಮೂರು ಪಟ್ಟಿ

ಸಂವಿಧಾನದ ಏಳನೆಯ ಅನುಸೂಚಿ ಅಧಿಕಾರವನ್ನು ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ ಎಂದು ಮೂರಾಗಿ ಹಂಚಿದೆ. ಒಂದು ಉಂಡೆ ಕೊಬ್ಬರಿಯನ್ನು ಕೈಯಲ್ಲಿ ಹಿಡಿದು ಈ ಪಟ್ಟಿಗಳನ್ನು ತೆರೆದರೆ, ಅದು ಮೂರರಲ್ಲಿಯೂ ಕಾಣುತ್ತದೆ.

ತೆಂಗು ಬೆಳೆಯುವುದು ಕೃಷಿ. ರೋಗ ಮತ್ತು ಕೀಟಗಳಿಂದ ರಕ್ಷಣೆಯೂ ಅದರಲ್ಲೇ ಸೇರಿದೆ. ಇದು ರಾಜ್ಯ ಪಟ್ಟಿಯ 14ನೆಯ ವಿಷಯ. ಕಪ್ಪುತಲೆ ಹುಳು, ನುಸಿ, ಕಾಂಡದಿಂದ ರಸ ಸೋರುವ ರೋಗ ಬಂದಾಗ ತೋಟಗಾರಿಕೆ ಇಲಾಖೆಯನ್ನು ಕೇಳುವುದು ಇದರಿಂದಲೇ. ಕೊಬ್ಬರಿ ಹರಾಜಾಗುವ ಮಾರುಕಟ್ಟೆ ರಾಜ್ಯ ಪಟ್ಟಿಯ 28ನೆಯ ವಿಷಯ. ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳು ನಡೆಯುವುದು ರಾಜ್ಯದ 1966ರ ಕಾಯಿದೆಯಂತೆ. ತೂಕದ ಕ್ರಮ, ಇ-ಟೆಂಡರ್, ಹಣ ಪಾವತಿಯ ಮೇಲ್ವಿಚಾರಣೆ ರಾಜ್ಯದ ಹೊಣೆ. ತೋಟಕ್ಕೆ ಬೇಕಾದ ನೀರಾವರಿಯೂ ಮುಖ್ಯವಾಗಿ ರಾಜ್ಯದ್ದೇ.

ಆದರೆ ಖಾದ್ಯ ಎಣ್ಣೆಬೀಜ ಮತ್ತು ಎಣ್ಣೆಗಳ ವ್ಯಾಪಾರವು ಸಮವರ್ತಿ ಪಟ್ಟಿಯ 33ನೆಯ ವಿಷಯದಲ್ಲಿದೆ. ಬೆಲೆ ನಿಯಂತ್ರಣ ಅದೇ ಪಟ್ಟಿಯ 34ನೆಯದು. ಇವುಗಳಲ್ಲಿ ಕೇಂದ್ರವೂ ರಾಜ್ಯವೂ ಶಾಸನ ಮಾಡಬಹುದು. ಹೊರದೇಶಗಳಿಂದ ಬರುವ ತಾಳೆ ಎಣ್ಣೆಯ ಮೇಲಿನ ಆಮದು ಸುಂಕ ಪೂರ್ತಿಯಾಗಿ ಕೇಂದ್ರದ್ದು. ಅಗ್ಗದ ಎಣ್ಣೆ ಬಂದರೆ ತೆಂಗಿನೆಣ್ಣೆಯ ಬೇಡಿಕೆಗೆ ಪೆಟ್ಟು ಬೀಳಬಹುದು.

ಬೆಂಬಲ ಬೆಲೆಯನ್ನು ಗೊತ್ತುಮಾಡುವುದೂ ಕೇಂದ್ರ ಸರ್ಕಾರವೇ. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಶಿಫಾರಸು ಮಾಡುತ್ತದೆ, ಕೇಂದ್ರ ಸಂಪುಟ ಒಪ್ಪುತ್ತದೆ. ಎಣ್ಣೆಗೆ ಹೋಗುವ ಕೊಬ್ಬರಿಗೆ ಒಂದು ದರ, ಉಂಡೆ ಕೊಬ್ಬರಿಗೆ ಮತ್ತೊಂದು ದರ. ಬೆಲೆ ಬಿದ್ದಾಗ ಕೇಂದ್ರದ ಪರವಾಗಿ ನಾಫೆಡ್ ಖರೀದಿಸುತ್ತದೆ. ಆದರೆ ರೈತರ ನೋಂದಣಿ, ಖರೀದಿ ಕೇಂದ್ರಗಳ ವ್ಯವಸ್ಥೆ ಮೊದಲಾದವು ರಾಜ್ಯದ ಸಂಸ್ಥೆಗಳ ಮೂಲಕ ನಡೆಯುತ್ತವೆ. ದರ ದೆಹಲಿಯದ್ದು, ತಕ್ಕಡಿ ನಮ್ಮ ಊರಿನದ್ದು.

ಈ ಹಂಚಿಕೆಯಿಂದ ಒಂದು ಅಪಾಯವಿದೆ. ವಿಧಾನಸಭೆಯಲ್ಲಿ ಕೇಳಿದರೆ "ಇದು ಕೇಂದ್ರಕ್ಕೆ ಸೇರಿದ್ದು" ಎನ್ನಬಹುದು. ಸಂಸತ್ತಿನಲ್ಲಿ ಕೇಳಿದರೆ "ಜಾರಿಯ ಹೊಣೆ ರಾಜ್ಯದ್ದು" ಎನ್ನಬಹುದು. ಎರಡು ಉತ್ತರಗಳೂ ಕಾನೂನಿನ ಪ್ರಕಾರ ಸರಿಯಿರಬಹುದು. ರೈತ ಮಾತ್ರ ನಡುವೆ ನಿಂತಿರುತ್ತಾನೆ.

2023-24ರಲ್ಲಿ ಆದದ್ದು

ಇದು ಕೇವಲ ಊಹೆಯಲ್ಲ. 2023ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಆ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಅದಕ್ಕಿಂತ ಬಹಳ ಕೆಳಗೆ, ಒಂದು ಹಂತದಲ್ಲಿ 8,000 ರೂಪಾಯಿಯ ಆಸುಪಾಸಿಗೆ ಇಳಿಯಿತು. ತೆಂಗು ಬೆಳೆಯುವ ಜಿಲ್ಲೆಗಳಲ್ಲಿ ರೈತರು ಹೋರಾಟಕ್ಕಿಳಿದರು. ವಿಷಯ ವಿಧಾನಮಂಡಲಕ್ಕೂ ಬಂತು, ದೆಹಲಿಗೂ ಹೋಯಿತು.

ಬೆಂಬಲ ಬೆಲೆಯನ್ನು ಹೆಚ್ಚಿಸುವ ಅಧಿಕಾರ ರಾಜ್ಯಕ್ಕಿಲ್ಲ. ಆದರೆ ತನ್ನ ಬೊಕ್ಕಸದಿಂದ ಹೆಚ್ಚುವರಿಯಾಗಿ ಪ್ರೋತ್ಸಾಹಧನ ಕೊಡಲು ಅಡ್ಡಿಯಿಲ್ಲ. ಹೀಗೆ ರಾಜ್ಯ ಸರ್ಕಾರ 2023ರಲ್ಲಿ ಕ್ವಿಂಟಲಿಗೆ 1,250 ರೂಪಾಯಿ ಸೇರಿಸಿತು. 2024ರ ಹಂಗಾಮಿಗೆ ಕೇಂದ್ರ 12,000 ರೂಪಾಯಿ ಬೆಂಬಲ ಬೆಲೆ ಘೋಷಿಸಿದಾಗ ರಾಜ್ಯದ ಪ್ರೋತ್ಸಾಹಧನ 1,500 ರೂಪಾಯಿಯಾಯಿತು. ಒಟ್ಟು 13,500 ರೂಪಾಯಿ. "ಇದು ನಮ್ಮ ಅಧಿಕಾರವಲ್ಲ" ಎಂಬಲ್ಲಿಗೆ ಮಾತು ಮುಗಿಯಬೇಕಾಗಿಲ್ಲ, "ನಿಮ್ಮ ಅಧಿಕಾರದಲ್ಲಿ ಇರುವಷ್ಟನ್ನು ಏನು ಮಾಡುತ್ತೀರಿ?" ಎಂದು ಕೇಳಲು ಸಾಧ್ಯ ಎಂಬುದಕ್ಕೆ ಇದು ನಿದರ್ಶನ.

ಆದರೆ ದರ ಘೋಷಣೆಯಾದ ಮಾತ್ರಕ್ಕೆ ಹಣ ಕೈಸೇರುವುದಿಲ್ಲ. 2024ರ ಆರಂಭದಲ್ಲಿ ಖರೀದಿಗೆ ನಡೆದ ನೋಂದಣಿಯಲ್ಲಿ ಅಕ್ರಮದ ದೂರುಗಳು ಬಂದು, ಅದನ್ನು ರದ್ದುಪಡಿಸಿ ಹೊಸದಾಗಿ ನೋಂದಣಿ ಮಾಡಬೇಕಾಯಿತು. ದರ ಕೇಂದ್ರದ್ದಾದರೂ ಸರದಿ ಸಾಲಿನ ಹೊಣೆ ಇಲ್ಲಿಯದು. ಅದನ್ನು ಕೇಳಬೇಕಾದ ಸದನ ವಿಧಾನಸಭೆಯೇ.

ಮುಂದೆ ಗಾಳಿ ಬದಲಾಯಿತು. ಕಾಯಿಯ ಇಳುವರಿ ಕುಗ್ಗಿ, 2025ರ ಮಧ್ಯಭಾಗದಲ್ಲಿ ಧಾರಣೆ ಕ್ವಿಂಟಲಿಗೆ 25,000 ರೂಪಾಯಿಯನ್ನೂ ದಾಟಿತು. ಆ ವರ್ಷದ ಬೆಂಬಲ ಬೆಲೆ 12,100 ರೂಪಾಯಿ. ಬೆಲೆ ಏರಿದಾಗ ಪ್ರಶ್ನೆಗಳು ಮುಗಿದವೇ? ಇಲ್ಲ. ಏರಿದ ಬೆಲೆ ಅಟ್ಟದಲ್ಲಿ ಕಾಯಿ ಉಳಿಸಿಕೊಂಡವರಿಗೆ ಮಾತ್ರ ದಕ್ಕುತ್ತದೆ. ಸಾಲ ತೀರಿಸಲು ಮೊದಲೇ ಹಸಿಕಾಯಿ ಮಾರಿದವರಿಗೆ ಅದರಿಂದೇನು? ಬೆಲೆ ಬಿದ್ದಾಗ ಕೇಳುವುದು ಸುಲಭ. ಏರಿದ ಕಾಲದಲ್ಲಿ ಮುಂದಿನ ಕುಸಿತಕ್ಕೆ ಸಿದ್ಧತೆ ಏನೆಂದು ಕೇಳುವುದು ಜಾಣತನ.

ಉಪಪ್ರಶ್ನೆಯ ಕೆಲಸ

ಈಗ ಕಲ್ಪಿತ ಉದಾಹರಣೆಯೊಂದನ್ನು ನೋಡೋಣ. ಒಬ್ಬ ಶಾಸಕರು ಹೀಗೆ ಕೇಳಿದ್ದಾರೆ ಎನ್ನೋಣ:

"(ಅ) ಕೊಬ್ಬರಿ ಖರೀದಿ ಕೇಂದ್ರಗಳಲ್ಲಿ ರೈತರಿಗೆ ಹಣ ಪಾವತಿ ತಡವಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಎಷ್ಟು ರೈತರಿಗೆ ಎಷ್ಟು ಹಣ ಬಾಕಿಯಿದೆ? (ಇ) ಯಾವ ಕ್ರಮ ಕೈಗೊಳ್ಳಲಾಗಿದೆ?"

ಸಚಿವರ ಉತ್ತರ: "(ಅ) ಬಂದಿದೆ. (ಆ) ವಿವರಗಳನ್ನು ಅನುಬಂಧದಲ್ಲಿ ನೀಡಿದೆ. (ಇ) ಶೀಘ್ರ ಪಾವತಿಗೆ ಸೂಚಿಸಲಾಗಿದೆ."

ಇಲ್ಲಿಗೇ ನಿಂತರೆ ಉತ್ತರ ಬಂದಂತೆಯೂ ಆಯಿತು, ಏನೂ ಬಾರದಂತೆಯೂ ಆಯಿತು. ಶಾಸಕರು ಎದ್ದುನಿಂತು ಕೇಳುತ್ತಾರೆ: "ಮಾನ್ಯ ಸಭಾಧ್ಯಕ್ಷರೇ, ಶೀಘ್ರ ಎಂದರೆ ಎಷ್ಟು ದಿನ? ಸೂಚನೆ ಹೊರಟ ದಿನಾಂಕ ಯಾವುದು? ಬಾಕಿ ಉಳಿದಿರುವುದು ಕೇಂದ್ರದಿಂದ ಬರಬೇಕಾದ ಹಣವೋ, ರಾಜ್ಯದ ಪ್ರೋತ್ಸಾಹಧನವೋ?"

ಈ ಮೂರು ಉಪಪ್ರಶ್ನೆಗಳನ್ನು ಗಮನಿಸಿ. ಮೊದಲನೆಯದು ಅಳತೆಗೆ ಸಿಗದ ಪದಕ್ಕೆ ಅಳತೆ ಕೇಳುತ್ತದೆ. ಎರಡನೆಯದು ಮಾತಿಗೆ ಕಾಗದದ ಆಧಾರ ಕೇಳುತ್ತದೆ. ಮೂರನೆಯದು ಹೊಣೆ ಯಾರದೆಂದು ಬೇರ್ಪಡಿಸುತ್ತದೆ. ಮೊದಲ ಉತ್ತರವನ್ನು ಅಧಿಕಾರಿಗಳು ಬರೆದುಕೊಡಬಹುದು. ಉಪಪ್ರಶ್ನೆಯ ಹೊತ್ತಿಗೆ ಸಚಿವರೇ ವಿಷಯ ತಿಳಿದಿರಬೇಕು. ಆದ್ದರಿಂದ ಸಚಿವರು ಸದನಕ್ಕೆ ಬರುವ ಮೊದಲು ಇಲಾಖೆಯ ಕಡತಗಳು ಅಲುಗಾಡುತ್ತವೆ, ಜಿಲ್ಲೆಗೆ ದೂರವಾಣಿ ಹೋಗುತ್ತದೆ, ಬಾಕಿಯ ಲೆಕ್ಕ ಸಿದ್ಧವಾಗುತ್ತದೆ. ಎಷ್ಟೋ ಸಲ ಉತ್ತರ ಹೇಳುವ ಮೊದಲೇ ಕೆಲಸವಾಗಿರುತ್ತದೆ.

ಪ್ರಶ್ನೆಯ ಬಲಕ್ಕೆ ದೇಶದ ಇತಿಹಾಸದಲ್ಲಿ ದೊಡ್ಡ ನಿದರ್ಶನವಿದೆ. 1957ರಲ್ಲಿ ಜೀವವಿಮಾ ನಿಗಮವು ಹರಿದಾಸ್ ಮುಂಧ್ರಾ ಅವರ ಕಂಪನಿಗಳಲ್ಲಿ ಹಣ ತೊಡಗಿಸಿದ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಎದ್ದಿತು. ಆಡಳಿತ ಪಕ್ಷದವರೇ ಆದ ಫಿರೋಜ್ ಗಾಂಧಿ ಅದನ್ನು ಬಿಡದೆ ಬೆನ್ನುಹತ್ತಿದರು. ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರ ವಿಚಾರಣೆ ನಡೆದು, 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಪ್ರಶ್ನಿಸುವುದು ವಿರೋಧ ಪಕ್ಷದ ಕೆಲಸ ಮಾತ್ರವಲ್ಲ ಎಂಬ ಪಾಠವೂ ಇದರಲ್ಲಿದೆ.

'ಪರಿಶೀಲಿಸಲಾಗುವುದು' ಎಂದರೆ?

ಸಚಿವರು "ಪರಿಶೀಲಿಸುತ್ತೇವೆ", "ಕ್ರಮ ಕೈಗೊಳ್ಳುತ್ತೇವೆ" ಎಂದರೆ ಅದು ಗಾಳಿಯಲ್ಲಿ ಹೋದ ಮಾತಲ್ಲ. ಸದನದಲ್ಲಿ ಕೊಟ್ಟ ಭರವಸೆಗಳನ್ನು ಸರ್ಕಾರ ಈಡೇರಿಸಿತೇ ಎಂದು ನೋಡಲು ಭರವಸೆಗಳ ಸಮಿತಿ ಎಂಬ ಶಾಸಕರ ಸಮಿತಿಯೇ ಇದೆ. ಸರ್ಕಾರ ಮಾಡಿದ ಖರ್ಚನ್ನು ಸಾರ್ವಜನಿಕ ಲೆಕ್ಕಪತ್ರ ಸಮಿತಿ ಪರಿಶೀಲಿಸುತ್ತದೆ. ಪತ್ರಿಕೆಗಳಲ್ಲಿ ಇವುಗಳ ಸುದ್ದಿ ಕಡಿಮೆ. ಕೆಲಸದ ಮಹತ್ವ ಕಡಿಮೆಯಲ್ಲ.

ಕೊರತೆಗಳೂ ಇವೆ. ಗದ್ದಲದಿಂದ ಪ್ರಶ್ನೋತ್ತರ ವೇಳೆಯೇ ಕೊಚ್ಚಿಹೋಗುವ ದಿನಗಳುಂಟು. ಕೇಳಿದ ಸದಸ್ಯರೇ ಹಾಜರಿಲ್ಲದ ದಿನಗಳುಂಟು. 2020ರಲ್ಲಿ ಕೋವಿಡ್ ಕಾರಣದಿಂದ ಸಂಸತ್ತಿನ ಮುಂಗಾರು ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಡಲಾಗಿತ್ತು. ಅಧಿವೇಶನದ ದಿನಗಳು ಕಡಿಮೆಯಾದಷ್ಟೂ ಪ್ರಶ್ನೆಗಳೂ ಕಡಿಮೆಯಾಗುತ್ತವೆ ಎಂಬುದನ್ನು ಮರೆಯಬಾರದು.

ಬೇರೆ ಕಡೆ ಹೇಗಿದೆ?

ಪ್ರಶ್ನೆ ಕೇಳುವ ಪದ್ಧತಿ ನಮಗೆ ಬಂದದ್ದು ಬ್ರಿಟನ್ನಿನಿಂದ. ಅಲ್ಲಿ ದಾಖಲೆಯಾಗಿರುವ ಮೊದಲ ಪ್ರಶ್ನೆ 1721ರಲ್ಲಿ ಮೇಲ್ಮನೆಯಲ್ಲಿ ಕೇಳಿದ್ದು. ಅಲ್ಲಿಯೂ 1999ರಲ್ಲಿ ಸ್ಕಾಟ್‌ಲೆಂಡಿಗೆ ಪ್ರತ್ಯೇಕ ಸಂಸತ್ತು, ವೇಲ್ಸ್‌ಗೆ ಶಾಸನಸಭೆ ಬಂದವು. ಆರೋಗ್ಯ, ಶಿಕ್ಷಣ ಮೊದಲಾದವು ಅವುಗಳ ಕೈಗೆ ಹೋದವು. ರಕ್ಷಣೆ, ವಿದೇಶಾಂಗ ವ್ಯವಹಾರಗಳು ಲಂಡನ್ನಿನಲ್ಲಿ ಉಳಿದವು. ಸ್ಕಾಟ್‌ಲೆಂಡಿನ ಪ್ರಥಮ ಸಚಿವರು ಅಧಿವೇಶನದ ಗುರುವಾರಗಳಂದು ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. "ಇದು ಇಲ್ಲಿಯದೋ, ಲಂಡನ್ನಿನದೋ?" ಎಂಬ ವಾದ ಅಲ್ಲಿಯೂ ಇದ್ದದ್ದೇ. ಅಧಿಕಾರ ಹಂಚಿಹೋದ ಕಡೆಗಳಲ್ಲೆಲ್ಲ ಹೊಣೆಯನ್ನು ಸರಿಯಾಗಿ ಗುರುತಿಸಿ ಕೇಳುವುದೇ ಶಾಸಕರ ಮೊದಲ ಪರೀಕ್ಷೆ.

ವಿದ್ಯಾರ್ಥಿಗಳು ಏನು ಮಾಡಬಹುದು?

ಶಾಸಕರಿಗೆ ಪ್ರಶ್ನೆಯ ಸಾಮಗ್ರಿ ಸಿಗುವುದು ಊರಿನಿಂದ. "ನಮ್ಮ ಕಡೆ ರೈತರಿಗೆ ಕಷ್ಟವಾಗಿದೆ" ಎಂದರೆ ಅದು ಅಳಲು. "ಇಂಥ ಕೇಂದ್ರದಲ್ಲಿ ಇಂಥ ತಿಂಗಳು ಕೊಬ್ಬರಿ ಕೊಟ್ಟ ಇಷ್ಟು ಜನರಿಗೆ ಇನ್ನೂ ಹಣ ಬಂದಿಲ್ಲ" ಎಂದರೆ ಅದು ಪ್ರಶ್ನೆ. ನಿಮ್ಮ ಮನೆಯ ಮಾರಾಟದ ಚೀಟಿಗಳನ್ನು ಇಟ್ಟುಕೊಳ್ಳಿ, ದಿನಾಂಕ ಬರೆದುಕೊಳ್ಳಿ. ಸದನದ ಪ್ರಶ್ನೆಗಳೂ ಉತ್ತರಗಳೂ ಕನ್ನಡದಲ್ಲಿಯೇ ಪ್ರಕಟವಾಗುತ್ತವೆ. ನಿಮ್ಮ ಕ್ಷೇತ್ರದ ಶಾಸಕರು ಏನು ಕೇಳಿದರೆಂದು ಓದಿ ನೋಡಿ. ಗ್ರಾಮಸಭೆಗೆ ಹೋಗಿ. ಅಲ್ಲಿ ಪ್ರಶ್ನೆ ಕೇಳಲು ಯಾರ ಮಧ್ಯಸ್ಥಿಕೆಯೂ ಬೇಡ. 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹಾಗಾಗಿ ಕಾಲೇಜಿನಲ್ಲಿ ಓದುತ್ತಿರುವ ನಿಮ್ಮಲ್ಲಿ ಹಲವರು ಈಗಾಗಲೇ ಮತದಾರರು, ಅಂದರೆ ಉತ್ತರ ಪಡೆಯಲು ಅರ್ಹರು.

ತರಗತಿಯಲ್ಲಿ ಚರ್ಚಿಸಿ

1. ಕೆಳಗಿನವುಗಳಲ್ಲಿ ಯಾವುದನ್ನು ವಿಧಾನಸಭೆಯಲ್ಲಿ, ಯಾವುದನ್ನು ಲೋಕಸಭೆಯಲ್ಲಿ ಕೇಳಬೇಕು? ಕಾರಣ ಕೊಡಿ: ಮಾರುಕಟ್ಟೆಯಲ್ಲಿ ತೂಕದ ಕಡಿತ, ತಾಳೆ ಎಣ್ಣೆಯ ಆಮದು ಸುಂಕ, ನುಸಿ ಪೀಡೆಗೆ ಪರಿಹಾರ, ಉಂಡೆ ಕೊಬ್ಬರಿಯ ಬೆಂಬಲ ಬೆಲೆ, ಖರೀದಿಗೆ ರೈತರ ನೋಂದಣಿ.

2. ನಿಮ್ಮ ಊರಿನ ಒಂದು ಸಮಸ್ಯೆಯನ್ನು (ಅ), (ಆ), (ಇ) ಎಂಬ ಮೂರು ಭಾಗಗಳ ಪ್ರಶ್ನೆಯಾಗಿ ಬರೆಯಿರಿ. ಅದರಲ್ಲಿ ಆರೋಪವಾಗಲಿ ವಾದವಾಗಲಿ ಇರಬಾರದು.

3. "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬಂದರೆ ನೀವು ಕೇಳುವ ಎರಡು ಉಪಪ್ರಶ್ನೆಗಳು ಯಾವುವು?

4. ತರಗತಿಯಲ್ಲಿ ಒಬ್ಬರು ಸಭಾಧ್ಯಕ್ಷರಾಗಿ, ಇಬ್ಬರು ಸಚಿವರಾಗಿ, ಉಳಿದವರು ಶಾಸಕರಾಗಿ ಒಂದು ಗಂಟೆಯ ಪ್ರಶ್ನೋತ್ತರ ನಡೆಸಿ. ಕೊನೆಯಲ್ಲಿ, ಎಷ್ಟು ಪ್ರಶ್ನೆಗಳಿಗೆ ನಿಜವಾದ ಉತ್ತರ ಸಿಕ್ಕಿತೆಂದು ಎಣಿಸಿ.